ಕೊಲೆಗಾರ ಮೊದಲೇ ಗೊತ್ತು, ಕೊನೆಯ ಐದು ನಿಮಿಷ ಗೊತ್ತಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಪತ್ತೇದಾರಿ ಧಾರಾವಾಹಿಗಳ ಮಾತು ಬಂದಾಗಲೆಲ್ಲ ಅಮೆರಿಕದ ‘ಕೊಲಂಬೊ’ ಮೇಲೆ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಕೊಲೆ ಮಾಡಿದವರು ಯಾರು, ಹೇಗೆ ಮಾಡಿದರು ಎಂಬುದನ್ನೆಲ್ಲ ಆರಂಭದಲ್ಲೇ ತೋರಿಸಿಬಿಡುತ್ತಾರೆ, ಇನ್ನುಳಿದ ಒಂದು ಗಂಟೆ ನೋಡುವುದಾದರೂ ಏನನ್ನು ಎಂದು. ‘ಗುಡ್ಡದ ಭೂತ’ದ ಕಾಲದಿಂದ ಕೊನೆಯವರೆಗೂ ಗುಟ್ಟು ಕಾಯುವ ಕಥೆಗಳಿಗೆ ಒಗ್ಗಿಕೊಂಡ ನಮಗೆ ಈ ಪ್ರಶ್ನೆ ಸಹಜವೇ. ಕೊಲಂಬೊದಲ್ಲಿ ಗುಟ್ಟು ಇಲ್ಲವೆಂದಲ್ಲ, ಅದು ಬೇರೆ ಕಡೆ ಕೂತಿದೆ. ಕೊಲೆಗಾರ ಎಲ್ಲವನ್ನೂ ಒರೆಸಿ, ತೊಳೆದು, ಸುಟ್ಟು ಹೋಗಿದ್ದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ಹಾಗಿದ್ದರೆ ಇವನನ್ನು ಹಿಡಿಯಲು ಉಳಿದಿರುವುದೇನು? ಇದಕ್ಕೆ ಉತ್ತರ ಕೊನೆಯ ಐದು ನಿಮಿಷದಲ್ಲಿ ಸಿಗುತ್ತದೆ. ಒಂದು ಕಂತು ಒಳ್ಳೆಯದೋ ಸಾಧಾರಣವೋ ಎಂದು ತೀರ್ಮಾನವಾಗುವುದೂ ಅಲ್ಲೇ.

ಇದನ್ನು ಬಾಯಿಮಾತಿನಲ್ಲಿ ಹೊಗಳಿದರೆ ಸಾಲದು, ಕಂತುಗಳನ್ನು ಬಿಚ್ಚಿಯೇ ತೋರಿಸಬೇಕು. ಹಾಗಾಗಿ ಮೊದಲೇ ಎಚ್ಚರಿಕೆ: ಈ ಪತ್ರದಲ್ಲಿ ಹಲವು ಕಂತುಗಳ ಕೊನೆ ಬಯಲಾಗುತ್ತದೆ. ಒಂದರ ಕೊನೆಯನ್ನು ಮಾತ್ರ ಬೇಕೆಂದೇ ಬರೆದಿಲ್ಲ.

ಪರಿಚಯ ಇಲ್ಲದವರಿಗೆ ಎರಡು ಮಾತು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಜೋಡಿ ಬರಹಗಾರರು ಸೃಷ್ಟಿಸಿದ ಪಾತ್ರವಿದು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಲೆಫ್ಟಿನೆಂಟ್, ಸುಕ್ಕುಗಟ್ಟಿದ ರೇನ್‌ಕೋಟು, ಹಳೆಯ ಪೂಜೊ 403 ಕಾರು, ಕೈಯಲ್ಲೊಂದು ಚುಟ್ಟಾ. ಪಾತ್ರ ಮಾಡಿದವರು ಪೀಟರ್ ಫಾಲ್ಕ್. 1968ರಿಂದ 2003ರವರೆಗೆ ಒಟ್ಟು 69 ಕಂತುಗಳು ಬಂದವು. ಮೊದಲ 45 ಎನ್‌ಬಿಸಿ ವಾಹಿನಿಯಲ್ಲಿ, 1978ರವರೆಗೆ. ಮಿಕ್ಕವು 1989ರಿಂದ ಎಬಿಸಿ ವಾಹಿನಿಯಲ್ಲಿ. ಒಂದೊಂದು ಕಂತೂ ಒಂದು ಪೂರ್ತಿ ಸಿನಿಮಾ ಇದ್ದಂತೆ, ಮುಂದಿನ ವಾರಕ್ಕೆ ಕಥೆ ಉಳಿಯುವುದಿಲ್ಲ. ನನ್ನ ಪಟ್ಟಿಯಲ್ಲಿರುವುದೆಲ್ಲ ಮೊದಲ 45ರೊಳಗಿನವೇ.

ನಾನು ಹಿಡಿಯುವ ಅಳತೆಗೋಲು ಇಷ್ಟು. ಕೊನೆಯ ಸಾಕ್ಷ್ಯ ನಮ್ಮ ಕಣ್ಣೆದುರೇ ಹಾದುಹೋಗಿರಬೇಕು, ಕೊನೇ ಗಳಿಗೆಯಲ್ಲಿ ಜೇಬಿನಿಂದ ಎಳೆದದ್ದಾಗಬಾರದು. ಅದನ್ನು ಕೊಲೆಗಾರನೇ ತನ್ನ ಕೈಯಾರೆ ಕೊಟ್ಟರೆ ಇನ್ನೂ ಒಳ್ಳೆಯದು. ‘ಅದು ಹಾಗಲ್ಲ ಸ್ವಾಮಿ, ಹೀಗೆ’ ಎಂದು ಹೇಳಿ ಜಾರಿಕೊಳ್ಳಲು ಅವನಿಗೆ ದಾರಿ ಇರಬಾರದು. ಈ ಮೂರನೆಯದರಲ್ಲೇ ಬಹಳ ಕಂತುಗಳು ಮುಗ್ಗರಿಸುತ್ತವೆ.

ಮೂರಕ್ಕೂ ಪೂರ್ತಿ ಅಂಕ ಪಡೆಯುವುದು 1974ರ ‘ನೆಗೆಟಿವ್ ರಿಯಾಕ್ಷನ್’. ಡಿಕ್ ವ್ಯಾನ್ ಡೈಕ್ ಇದರಲ್ಲಿ ಪಾಲ್ ಗಲೆಸ್ಕೊ ಎಂಬ ಹೆಸರಾಂತ ಛಾಯಾಗ್ರಾಹಕ. ಹೆಂಡತಿಯನ್ನು ಪಾಳುಬಿದ್ದ ತೋಟದ ಮನೆಗೆ ಕರೆದೊಯ್ದು ಕುರ್ಚಿಗೆ ಕಟ್ಟುತ್ತಾನೆ. ಹಿಂದೆ ಒಂದು ಗಡಿಯಾರ ಇಟ್ಟು, ಮುಳ್ಳು ಎರಡು ಗಂಟೆಗೆ ತಿರುಗಿಸಿ, ಫೋಟೊ ತೆಗೆದು, ಆಮೇಲೆ ಕೊಲ್ಲುತ್ತಾನೆ. ಅಪಹರಣ ಮಾಡಿದವರು ಕಳಿಸಿದ ಫೋಟೊ ಎಂದು ಅದನ್ನು ತೋರಿಸಬೇಕು, ಎರಡು ಗಂಟೆಗೆ ತಾನು ಬೇರೆಡೆ ಇದ್ದೆ ಎನ್ನುವುದಕ್ಕೆ ಜನ ಇರಬೇಕು, ಜೈಲಿನಿಂದ ಬಿಡುಗಡೆಯಾಗಿ ಬಂದ ಒಬ್ಬ ಬಡಪಾಯಿಯ ತಲೆಗೆ ಎಲ್ಲವನ್ನೂ ಕಟ್ಟಬೇಕು. ಇದು ಲೆಕ್ಕಾಚಾರ.

ಅವನ ಮೊದಲ ತಪ್ಪು ಕಸುಬಿನ ಅಭಿಮಾನದ್ದು. ತೆಗೆದ ಮೊದಲ ಫೋಟೊ ಸರಿಬರಲಿಲ್ಲವೆಂದು ಅಲ್ಲೇ ಎಸೆದು ಇನ್ನೊಂದು ತೆಗೆಯುತ್ತಾನೆ. ಎಸೆದದ್ದು ಕೊಲಂಬೊ ಕೈಗೆ ಸಿಗುತ್ತದೆ. ಹಣ ಕೇಳುವ ಅಪಹರಣಕಾರನಿಗೆ ಮುಖ ಗುರುತು ಸಿಕ್ಕರೆ ಸಾಕು, ಚೌಕಟ್ಟು ಚೆನ್ನಾಗಿ ಕೂತಿಲ್ಲವೆಂದು ಇನ್ನೊಂದು ಫೋಟೊ ತೆಗೆಯುವವನು ಎಂಥವನು? ನನಗೆ ಈ ಸುಳಿವು ಕೊನೆಯ ಬಲೆಗಿಂತಲೂ ಇಷ್ಟ. ಮನುಷ್ಯನ ಕೈ ಅವನ ಕಸುಬನ್ನು ಬಚ್ಚಿಡಲಾರದು ಎಂಬುದನ್ನು ಒಂದೇ ಒಂದು ಮುದುಡಿದ ಕಾಗದ ಹೇಳಿಬಿಡುತ್ತದೆ.

ಕೊನೆಯ ಬಲೆ ಹೀಗಿದೆ. ಕೊಲಂಬೊ ಆ ಫೋಟೊವನ್ನು ದೊಡ್ಡದಾಗಿ ಮಾಡಿಸಿ ಗೋಡೆಗೆ ಹಾಕಿದ್ದಾನೆ, ಆದರೆ ಎಡಬಲ ತಿರುಗಿಸಿ. ಕನ್ನಡಿಯಲ್ಲಿ ಗಡಿಯಾರ ನೋಡಿದಾಗ ಕಾಣುವ ಹೊತ್ತನ್ನೂ ನಿಜವಾದ ಹೊತ್ತನ್ನೂ ಕೂಡಿಸಿದರೆ ಬರುವುದು 12. ಎರಡು ಗಂಟೆ ಕನ್ನಡಿಯಲ್ಲಿ ಹತ್ತು ಗಂಟೆ. ಹತ್ತು ಗಂಟೆಗೆ ಗಲೆಸ್ಕೊ ಎಲ್ಲಿದ್ದ ಎಂದು ಹೇಳಲು ಯಾರೂ ಇಲ್ಲ. ‘ಫೋಟೊ ತಿರುಗಿಬಿದ್ದಿದೆ’ ಎಂದು ಅವನು ಕೂಗಾಡುತ್ತಾನೆ. ಮೂಲ ಫೋಟೊ ಹಾಳಾಯಿತು, ತಾಳೆ ನೋಡಲು ಏನೂ ಉಳಿದಿಲ್ಲ ಎಂದು ಕೊಲಂಬೊ ಪೆಚ್ಚುಮೋರೆ ಹಾಕುತ್ತಾನೆ. ಆಗ ಗಲೆಸ್ಕೊಗೆ ಹೊಳೆಯುತ್ತದೆ: ನೆಗೆಟಿವ್ ಕ್ಯಾಮೆರಾದಲ್ಲೇ ಇದೆಯಲ್ಲ! ಕಪಾಟಿನಲ್ಲಿ ಸಾಲಾಗಿ ಇಟ್ಟ ಹಲವು ಕ್ಯಾಮೆರಾಗಳ ನಡುವಿನಿಂದ ಒಂದನ್ನು ತಡವರಿಸದೆ ತೆಗೆದು, ಹಿಂಬದಿ ಬಿಚ್ಚಿ ತೋರಿಸುತ್ತಾನೆ. ಸರಿಯಾದ ಕ್ಯಾಮೆರಾವನ್ನೇ ತೆಗೆದಿದ್ದಾನೆ. ಆ ಫೋಟೊ ಯಾವ ಕ್ಯಾಮೆರಾದಲ್ಲಿ ತೆಗೆದದ್ದೆಂದು ತೆಗೆದವನಿಗಲ್ಲದೆ ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಕೊಲಂಬೊ ತಿರುಗಿ, ಕೋಣೆಯಲ್ಲಿ ನಿಂತಿರುವ ಪೊಲೀಸರನ್ನು ಒಬ್ಬೊಬ್ಬರಾಗಿ ಕೇಳುತ್ತಾನೆ, ಇವರು ಈಗ ಮಾಡಿದ್ದನ್ನು ನೀವು ನೋಡಿದಿರಾ ಎಂದು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಪಂಚರ ಸಮಕ್ಷಮ ಮಹಜರು ಆಗಿಹೋಯಿತು.

ಇಲ್ಲಿ ಒಂದು ಕಾನೂನಿನ ಮಾತು, ಏಕೆಂದರೆ ‘ಇದೆಲ್ಲ ಕೋರ್ಟಿನಲ್ಲಿ ನಿಲ್ಲುತ್ತದೆಯೇ’ ಎಂಬುದು ಎರಡನೆಯ ದೊಡ್ಡ ಆಕ್ಷೇಪ. ಅಮೆರಿಕದ ಕಾನೂನು ಬೇರೆ. ಆದರೂ ನಮ್ಮ ಕಾನೂನಿನ ಕಣ್ಣಿನಿಂದ ನೋಡಿದರೆ ಕಂತುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 25ನೆಯ ಕಲಮು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೆಯದು. ಆದರೆ ಆರೋಪಿಯ ನಡವಳಿಕೆ ಪ್ರಸ್ತುತ ಸಂಗತಿ. ಹಳೆಯದರಲ್ಲಿ 8ನೆಯ ಕಲಮು, ಹೊಸದರಲ್ಲಿ 6. ಗಲೆಸ್ಕೊ ಬಾಯಿಬಿಟ್ಟು ಏನನ್ನೂ ಒಪ್ಪಿಕೊಂಡಿಲ್ಲ, ಕೈಚಾಚಿ ಒಂದು ವಸ್ತು ತೆಗೆದಿದ್ದಾನೆ. ತಪ್ಪೊಪ್ಪಿಗೆಯಲ್ಲಿ ಮುಗಿಯುವ ಕಂತಿಗಿಂತ ನಡವಳಿಕೆಯಲ್ಲಿ ಮುಗಿಯುವ ಕಂತು ಗಟ್ಟಿ ಎನ್ನುವುದು ಇದಕ್ಕೇ.

1971ರ ‘ಸೂಟಬಲ್ ಫಾರ್ ಫ್ರೇಮಿಂಗ್’ ನನ್ನ ಪಟ್ಟಿಯಲ್ಲಿ ಎರಡನೆಯದು. ಅದರ ಕೊನೆ ಇಡೀ ಮಾಲಿಕೆಯಲ್ಲೇ ಅತ್ಯಂತ ಚುಟುಕು. ಕಲಾವಿಮರ್ಶಕ ಡೇಲ್ ಕಿಂಗ್‌ಸ್ಟನ್ ತನ್ನ ಮಾವನನ್ನು ಕೊಲ್ಲುತ್ತಾನೆ. ಹೆಣ ತಣ್ಣಗಾಗುವುದರ ಮೇಲಿಂದ ಸತ್ತ ಹೊತ್ತನ್ನು ಅಂದಾಜು ಮಾಡುತ್ತಾರಲ್ಲ, ಅದನ್ನು ಕೆಡಿಸಲು ಹೆಣಕ್ಕೆ ವಿದ್ಯುತ್ ಕಂಬಳಿ ಹೊದಿಸುತ್ತಾನೆ. ತಾನು ಕಲಾಪ್ರದರ್ಶನದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುತ್ತಿರುವ ಹೊತ್ತಿಗೆ ಸರಿಯಾಗಿ, ಜೊತೆಗಾತಿಯೊಬ್ಬಳು ಕಂಬಳಿ ತೆಗೆದು ಗುಂಡು ಹಾರಿಸಿ ಓಡುತ್ತಾಳೆ. ಆಮೇಲೆ ಅವಳನ್ನೂ ಮುಗಿಸುತ್ತಾನೆ. ಕದ್ದದ್ದು ಡೆಗಾ ಬಿಡಿಸಿದ ಎರಡು ಪ್ಯಾಸ್ಟೆಲ್ ಚಿತ್ರಗಳು. ಅವನ್ನು ಮಾವನ ಮಾಜಿ ಹೆಂಡತಿಯ ಮನೆಯಲ್ಲಿ ಬಚ್ಚಿಟ್ಟು ಅವಳೇ ಕಳ್ಳಿ ಎನ್ನಿಸಬೇಕು.

ಕಂತಿನ ನಡುವೆ ಒಂದು ದೃಶ್ಯ ಬರುತ್ತದೆ. ಚಿತ್ರಗಳಿರುವ ದೊಡ್ಡ ಚೀಲ ಹಿಡಿದು ಕಿಂಗ್‌ಸ್ಟನ್ ತನ್ನ ಮನೆಗೆ ಬಂದರೆ ಒಳಗೆ ಕೊಲಂಬೊ ಕಾಯುತ್ತ ಕೂತಿದ್ದಾನೆ. ‘ಏನು ಸಾರ್ ಇದು, ನೋಡಬಹುದಾ’ ಎನ್ನುವ ಧಾಟಿಯಲ್ಲಿ ಚೀಲದೊಳಗೆ ಕೈ ಹಾಕುತ್ತಾನೆ, ಕಿಂಗ್‌ಸ್ಟನ್ ಕಸಿದುಕೊಳ್ಳುತ್ತಾನೆ. ನೋಡುವವರಿಗೆ ಅದು ಸ್ವಲ್ಪ ಉಸಿರು ಬಿಗಿಹಿಡಿಸಿ ಹೋಗುವ ಪ್ರಸಂಗ, ಅಷ್ಟೇ. ಕೊನೆಯಲ್ಲಿ ಆ ಹೆಂಗಸಿನ ಮನೆಯಲ್ಲಿ ಚಿತ್ರಗಳು ಸಿಗುತ್ತವೆ, ಬೆರಳಚ್ಚು ತೆಗೆಯುತ್ತಾರೆ. ಕೊಲಂಬೊ ಹುಡುಕುತ್ತಿದ್ದದ್ದು ಕಿಂಗ್‌ಸ್ಟನ್‌ನ ಬೆರಳಚ್ಚನ್ನಲ್ಲ, ತನ್ನದೇ ಬೆರಳಚ್ಚನ್ನು. ಅದು ಅಲ್ಲಿ ಬರಬೇಕಾದರೆ ಒಂದೇ ದಾರಿ, ಆವತ್ತು ಆ ಚೀಲದೊಳಗೆ ಇದ್ದದ್ದು ಇದೇ ಚಿತ್ರಗಳು.

ಜಾರುವ ದಾರಿ ಇಲ್ಲಿ ಇದೆ. ಬೆರಳಚ್ಚು ಯಾವ ದಿನದ್ದು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ‘ಈಗ ತಾನೇ ಮುಟ್ಟಿದೆಯಲ್ಲ’ ಎಂದರೆ ಆಯಿತು. ಕಿಂಗ್‌ಸ್ಟನ್ ಅದನ್ನೇ ಕೂಗುತ್ತಾನೆ. ಕೊಲಂಬೊ ಮಾತಾಡುವುದಿಲ್ಲ. ರೇನ್‌ಕೋಟಿನ ಜೇಬಿನಿಂದ ಎರಡೂ ಕೈ ಹೊರತೆಗೆಯುತ್ತಾನೆ, ಕೈಗವಸು ಹಾಕಿದೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಆಮೇಲೆ ಒಂದೇ ಒಂದು ವಾಕ್ಯ ಸೇರಿಸಿದ್ದರೂ ಈ ಕಂತು ಕೆಡುತ್ತಿತ್ತು.

ಇವೆರಡರ ಪಕ್ಕದಲ್ಲಿ ಇಡಬೇಕಾದದ್ದು 1974ರ ‘ಎ ಫ್ರೆಂಡ್ ಇನ್ ಡೀಡ್’. ನಾನು ಕೊನೆ ಹೇಳುವುದಿಲ್ಲ ಎಂದದ್ದು ಇದರದ್ದೇ. ಕೊಲೆಗಾರ ಸ್ವತಃ ಪೊಲೀಸ್ ಇಲಾಖೆಯ ಡೆಪ್ಯುಟಿ ಕಮಿಷನರ್, ಕೊಲಂಬೊಗೆ ಆಜ್ಞೆ ಮಾಡುವ ಸಾಹೇಬ. ನೆರೆಮನೆಯವನು ಹೆಂಡತಿಯನ್ನು ಕೊಂದು ನೆರವು ಕೇಳಿಬಂದಾಗ ಕನ್ನಗಳ್ಳನ ಮೇಲೆ ಹಾಕಿ ಪಾರುಮಾಡುತ್ತಾನೆ, ಆ ಉಪಕಾರದ ಬಲದಿಂದ ತನ್ನ ಹೆಂಡತಿಯನ್ನೂ ತಾನೇ ಮುಗಿಸಿ ನೆರೆಯವನನ್ನು ಪಾಲುದಾರ ಮಾಡಿಕೊಳ್ಳುತ್ತಾನೆ. ಸುಳಿವುಗಳು ಎರಡೂ ಅಚ್ಚುಕಟ್ಟು. ಸತ್ತವಳು ರಾತ್ರಿ ಫೋನು ಎತ್ತಿ ಮಾತಾಡಿದಳು ಎನ್ನುತ್ತಾರೆ, ಆದರೆ ರಿಸೀವರ್ ಮೇಲೆ ಅವಳ ಬೆರಳಚ್ಚೇ ಇಲ್ಲ. ಇನ್ನೊಬ್ಬಳು ಈಜುಕೊಳದಲ್ಲಿ ಮುಳುಗಿ ಸತ್ತಳು ಎನ್ನುತ್ತಾರೆ, ಆದರೆ ಶ್ವಾಸಕೋಶದಲ್ಲಿ ಸಿಕ್ಕಿದ್ದು ಸೋಪಿನ ನೀರು. ಅಂದರೆ ಮುಳುಗಿಸಿದ್ದು ಬಚ್ಚಲಿನ ತೊಟ್ಟಿಯಲ್ಲಿ. ಇಷ್ಟೆಲ್ಲ ಗೊತ್ತಾದರೂ ಮೇಲಧಿಕಾರಿಯ ಮೇಲೆ ಕೈಹಾಕುವುದು ಹೇಗೆ? ಕೊಲಂಬೊ ಒಂದು ವಿಳಾಸವನ್ನು ಮಾತ್ರ ಬಳಸಿಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚು ಹೇಳಿದರೆ ನೋಡುವವರಿಗೆ ದ್ರೋಹ. ನಿರ್ದೇಶನ ನಟ ಬೆನ್ ಗಜಾರಾ ಅವರದ್ದು.

ಟೈಪ್‌ರೈಟರ್ ಬಡಿದವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ. ಕೋರ್ಟು, ತಾಲ್ಲೂಕು ಕಚೇರಿಗಳ ಮುಂದೆ ಅರ್ಜಿ ಬರೆದುಕೊಟ್ಟವರಿಗೆ 1976ರ ‘ನೌ ಯು ಸೀ ಹಿಮ್’ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ಜ್ಯಾಕ್ ಕ್ಯಾಸಿಡಿ ಇದರಲ್ಲಿ ಮಹಾ ಜಾದೂಗಾರ ಸ್ಯಾಂಟಿನಿ. ನಾತ್ಸಿ ಕಾಲದ ತನ್ನ ಹಳೆಯ ಗುರುತು ಹಿಡಿದು ಹಣ ಹಿಂಡುತ್ತಿದ್ದ ಕ್ಲಬ್ಬಿನ ಯಜಮಾನನನ್ನು ಕೊಲ್ಲುತ್ತಾನೆ. ತನ್ನನ್ನು ಬಯಲು ಮಾಡುವ ಪತ್ರ ಟೈಪ್ ಆಗಿ ಸಿದ್ಧವಾಗಿತ್ತು, ಅದನ್ನು ಒಯ್ದು ನಾಶಮಾಡುತ್ತಾನೆ. ಪತ್ರ ಹೋಯಿತು, ಸಾಕ್ಷ್ಯ ಹೋಯಿತು. ಆದರೆ ಯಂತ್ರ ಯಾವುದು ಎಂದು ಅವನು ನೋಡಲಿಲ್ಲ.

ಬಟ್ಟೆಯ ಶಾಯಿ ರಿಬ್ಬನ್ ಒಂದು ಸುರುಳಿಯಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. ಒಂದೇ ಜಾಗದ ಮೇಲೆ ಹತ್ತಾರು ಅಕ್ಷರಗಳು ಬೀಳುವುದರಿಂದ ಅದರಲ್ಲಿ ಏನನ್ನೂ ಓದಲಾಗದು. ಎಲೆಕ್ಟ್ರಿಕ್ ಟೈಪ್‌ರೈಟರಿನ ಕಾರ್ಬನ್ ಫಿಲ್ಮ್ ರಿಬ್ಬನ್ ಹಾಗಲ್ಲ, ಒಂದೇ ಸಲಕ್ಕೆ ಬಳಸುವಂಥದ್ದು. ಅಕ್ಷರ ಬಡಿದ ಜಾಗದಲ್ಲಿ ಕಾರ್ಬನ್ ಕಿತ್ತುಹೋಗಿ ಕಾಗದಕ್ಕೆ ಅಂಟುತ್ತದೆ, ರಿಬ್ಬನ್ ಮೇಲೆ ಅದೇ ಅಕ್ಷರದ ಆಕಾರ ಖಾಲಿಯಾಗಿ ಉಳಿಯುತ್ತದೆ, ರಿಬ್ಬನ್ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಪತ್ರ ಅಕ್ಷರ ಅಕ್ಷರವಾಗಿ ಅಲ್ಲೇ ಇದೆ. ಕಂತಿನ ಕೊನೆಯಲ್ಲಿ ಸ್ಯಾಂಟಿನಿ ಆ ಪತ್ರವನ್ನು ಎರಡನೆಯ ಸಲ ಸುಡುತ್ತಾನೆ, ಕೊಲಂಬೊ ಇನ್ನೊಂದು ಪ್ರತಿ ತೆಗೆಯುತ್ತಾನೆ, ಮತ್ತೊಂದು ತೆಗೆಯುತ್ತಾನೆ. ಜಾದೂಗಾರನಿಗೆ ಜಾದೂ! ಆದರೆ ಲೆಕ್ಕಕ್ಕೆ ಹಿಡಿದರೆ ಇದು ಕೊಲೆಗೆ ಕಾರಣವನ್ನು ತೋರಿಸುತ್ತದೆಯೇ ಹೊರತು ಕೊಲೆಯನ್ನಲ್ಲ. ಅದಕ್ಕೇ ಮೊದಲ ಸಾಲಿನಲ್ಲಿ ಕೂರಿಸಿಲ್ಲ.

‘ಡೆತ್ ಲೆಂಡ್ಸ್ ಎ ಹ್ಯಾಂಡ್’ (1971) ಕಂತಿಗೆ ಲೆವಿನ್ಸನ್–ಲಿಂಕ್ ಜೋಡಿಗೆ ಬರವಣಿಗೆಯ ಎಮ್ಮಿ ಪ್ರಶಸ್ತಿ ಬಂತು. ಖಾಸಗಿ ಪತ್ತೇದಾರಿ ಸಂಸ್ಥೆಯ ಯಜಮಾನನಾಗಿ ರಾಬರ್ಟ್ ಕಲ್ಪ್. ಸಿಟ್ಟಿನಲ್ಲಿ ಹಿಂಗೈಯಿಂದ ಹೊಡೆದು ಹೆಂಗಸೊಬ್ಬಳನ್ನು ಕೊಲ್ಲುತ್ತಾನೆ, ಕೆನ್ನೆಯ ಮೇಲೆ ಉಂಗುರದ ಗಾಯ. ಕೊಲೆಯ ನಂತರ ಮನೆ ಒಪ್ಪಮಾಡಿ ಹೆಣ ಸಾಗಿಸುವುದನ್ನೆಲ್ಲ ಅವನ ಕನ್ನಡಕದ ಎರಡು ಗಾಜುಗಳಲ್ಲಿ ಮಾತಿಲ್ಲದೆ ತೋರಿಸಿದ್ದಾರೆ. ಆ ಕಾಲದ ಟಿವಿಯಲ್ಲಿ ಇಂಥ ಧೈರ್ಯ ಅಪರೂಪ. ಸತ್ತವಳ ಒಂದು ಕಾಂಟ್ಯಾಕ್ಟ್ ಲೆನ್ಸ್ ಕಾಣೆಯಾಗಿದೆ, ಕೊಂದವನ ಕಾರಿನಲ್ಲಿ ಬಿದ್ದಿರಬೇಕು ಎಂಬ ಮಾತು ಅವನ ಕಿವಿಗೆ ಬೀಳುವಂತೆ ಮಾಡುತ್ತಾನೆ ಕೊಲಂಬೊ. ಅಷ್ಟರಲ್ಲಿ ಅವನ ಕಾರು ಕೆಟ್ಟು ಗ್ಯಾರೇಜು ಸೇರಿದೆ. ರಾತ್ರಿ ಕದ್ದು ಹೋಗಿ ಡಿಕ್ಕಿ ತಡಕುತ್ತಾನೆ, ಲೆನ್ಸ್ ಸಿಗುತ್ತದೆ, ಎಸೆಯಲು ಹೋಗಿ ಸಿಕ್ಕಿಬೀಳುತ್ತಾನೆ. ಕಾರು ಕೆಟ್ಟದ್ದು ಹೇಗೆ? ಹೊಗೆ ಕೊಳವೆಗೆ ಒಂದು ಆಲೂಗಡ್ಡೆ ತುರುಕಿದರೆ ಹೊಗೆ ಹೊರಹೋಗದೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಇದು ತಂತ್ರವಾಗಿ ಸೊಗಸು. ಆದರೆ ಒಂದು ಕಡೆ ಮನಸ್ಸು ಒಪ್ಪುವುದಿಲ್ಲ: ಪೊಲೀಸನೇ ಒಡ್ಡಿದ ಬಲೆಯ ವಸ್ತುವಿನ ಮೇಲೆ ಮೊಕದ್ದಮೆ ನಿಂತಿದೆ. ಗಟ್ಟಿಯಾದದ್ದು ಲೆನ್ಸ್ ಅಲ್ಲ, ಅದನ್ನು ಹುಡುಕಿಕೊಂಡು ಅವನು ರಾತ್ರಿ ಗ್ಯಾರೇಜಿಗೆ ಬಂದ ನಡೆ.

‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ (1973) ಬಹುಪಾಲು ಅಭಿಮಾನಿಗಳಿಗೆ ಪ್ರಿಯ. ನನಗೂ ಪ್ರಿಯ, ಆದರೆ ಸಾಕ್ಷ್ಯಕ್ಕಾಗಿ ಅಲ್ಲ, ಡೊನಾಲ್ಡ್ ಪ್ಲೆಸೆನ್ಸ್ ಅವರ ನಟನೆಗಾಗಿ. ವೈನ್ ತಯಾರಿಕೆಯನ್ನೇ ಉಸಿರಾಗಿಸಿಕೊಂಡ ಏಡ್ರಿಯನ್ ಕಾರ್ಸಿನಿ, ಅದನ್ನು ಮಾರಲು ಹೊರಟ ಮಲತಮ್ಮನನ್ನು ಹೊಡೆದು, ಕಟ್ಟಿ, ಗಾಳಿಯಾಡದ ವೈನ್ ನೆಲಮಾಳಿಗೆಯಲ್ಲಿ ಬಿಟ್ಟು, ಹವಾನಿಯಂತ್ರಣ ಯಂತ್ರ ಆರಿಸಿ ನ್ಯೂಯಾರ್ಕಿಗೆ ಹರಾಜಿಗೆ ಹೋಗುತ್ತಾನೆ. ಉಸಿರುಗಟ್ಟಿ ಸತ್ತವನನ್ನು ಬಂದಮೇಲೆ ಸಮುದ್ರಕ್ಕೆ ಹಾಕಿ ಮುಳುಗು ಅಪಘಾತ ಎನ್ನಿಸುತ್ತಾನೆ. ಮಧ್ಯೆ ಮಳೆ ಬಂದುಹೋಗಿದೆ, ದಡದಲ್ಲಿ ನಿಂತ ಕಾರು ಮಾತ್ರ ಫಳಫಳ. ಸತ್ತವನು ಎರಡು ದಿನದಿಂದ ಊಟ ಮಾಡಿರಲಿಲ್ಲ. ಇವು ಚೆನ್ನಾದ ಸುಳಿವುಗಳು. ಮುಖ್ಯವಾದದ್ದು ಬಿಸಿಲು. ಯಂತ್ರ ಆರಿಸಿದ್ದ ದಿನಗಳಲ್ಲೇ ವಿಪರೀತ ಸೆಕೆ ಬಿದ್ದಿತ್ತು. ವೈನನ್ನು ಸಾಮಾನ್ಯವಾಗಿ 12–13 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಡುತ್ತಾರೆ. ಕಾವು ಏರಿದರೆ ದ್ರವ ಹಿಗ್ಗಿ ಬಿರಡೆಯನ್ನು ನೂಕುತ್ತದೆ, ತಣಿದಾಗ ಗಾಳಿ ಒಳಸೇರುತ್ತದೆ, ರುಚಿ ಕೆಡುತ್ತದೆ. ಕೊಲಂಬೊ ಅದೇ ನೆಲಮಾಳಿಗೆಯಿಂದ 1945ರ ಪೋರ್ಟ್ ಬಾಟಲಿಯೊಂದನ್ನು ಕದ್ದು ಹೋಟೆಲಿನ ಊಟದಲ್ಲಿ ಕಾರ್ಸಿನಿಗೇ ಬಡಿಸುತ್ತಾನೆ. ಇದು ಶಾಖಕ್ಕೆ ಕೆಟ್ಟಿದೆ ಎಂದು ಹೋಟೆಲಿನವರ ಮೇಲೆ ಹರಿಹಾಯುವ ಕಾರ್ಸಿನಿ, ಅದು ತನ್ನದೇ ಬಾಟಲಿ ಎಂದು ತಿಳಿಯುವಷ್ಟರಲ್ಲಿ ತನ್ನ ನಾಲಿಗೆಯಿಂದಲೇ ಸಾಕ್ಷಿ ಹೇಳಿಯಾಗಿದೆ.

ಭಾವನೆಯ ಮಟ್ಟಿಗೆ ಇದಕ್ಕೆ ಸಾಟಿ ಇಲ್ಲ. ಲೆಕ್ಕದಲ್ಲಿ ಸಡಿಲ ಇದೆ. ಯಂತ್ರ ತಾನಾಗಿ ಕೆಟ್ಟಿತ್ತು ಎಂದರೆ ಮುಗಿಯಿತು. ಪೋರ್ಟ್ ಕೂಡ ಬ್ರಾಂದಿ ಬೆರೆಸಿ ಗಡುಸು ಮಾಡಿದ ವೈನ್, ನೂರಕ್ಕೆ ಸುಮಾರು 20 ಭಾಗ ಆಲ್ಕೋಹಾಲ್, ಮಿಕ್ಕ ವೈನ್‌ಗಳಷ್ಟು ನಾಜೂಕಲ್ಲ. ಕೊನೆಗೆ ಕಂತು ನಿಲ್ಲುವುದು ಕಾರ್ಸಿನಿಯ ತಪ್ಪೊಪ್ಪಿಗೆಯ ಮೇಲೆ. ಆದರೆ ಜೈಲಿಗೆ ಹೋಗುವ ಮುನ್ನ ಕಾರಿನಲ್ಲಿ ಇಬ್ಬರೂ ಕೂತು ಒಂದು ಲೋಟ ವೈನ್ ಹಂಚಿಕೊಳ್ಳುವ ದೃಶ್ಯ ನೋಡಿದಮೇಲೆ ಅಂಕ ಕಳೆಯಲು ಕೈ ಬರುವುದಿಲ್ಲ.

ಕನ್ನಡದ ಓದುಗರಿಗೆ ವಿಶೇಷವಾಗಿ ಹೇಳಬೇಕಾದದ್ದು 1977ರ ‘ಟ್ರೈ ಅಂಡ್ ಕ್ಯಾಚ್ ಮಿ’. ರೂತ್ ಗಾರ್ಡನ್ ಅವರು ವಯಸ್ಸಾದ ಪತ್ತೇದಾರಿ ಲೇಖಕಿ ಅಬಿಗೇಲ್ ಮಿಚೆಲ್. ತನ್ನ ತಂಗಿಮಗಳನ್ನು ಕೊಂದವನು ಅವಳ ಗಂಡನೇ ಎಂದು ನಂಬಿ ಅವನನ್ನು ಮನುಷ್ಯ ನಡೆದುಹೋಗುವಷ್ಟು ದೊಡ್ಡ ತಿಜೋರಿಯೊಳಗೆ ಕೂಡಿಹಾಕುತ್ತಾಳೆ. ಒಳಗೆ ಕತ್ತಲೆ, ಕೈಯಲ್ಲಿ ಕೆಲವೇ ಬೆಂಕಿಕಡ್ಡಿ, ಗಾಳಿ ಮುಗಿಯುತ್ತಿದೆ. ಅವನು ಹೆಸರು ಬರೆದಿಟ್ಟರೆ ಅವಳು ಬಂದು ಅಳಿಸುತ್ತಾಳೆ. ಹಾಗಾಗಿ ಅಲ್ಲಿದ್ದ ಅವಳ ಹಸ್ತಪ್ರತಿಯ ಮುಖಪುಟವನ್ನು ಹರಿದು ದೀಪದ ಬುರುಡೆಯ ಜಾಗದಲ್ಲಿ ಅಡಗಿಸುತ್ತಾನೆ, ಕಪ್ಪು ಪೆಟ್ಟಿಗೆಗಳ ಬಣ್ಣ ಕೆರೆದು ಅತ್ತ ತೋರುವ ಬಾಣದ ಗುರುತು ಮೂಡಿಸುತ್ತಾನೆ. ಉಗುರಿನ ಕೆಳಗಿನ ಕಪ್ಪು ಬಣ್ಣದ ಜಾಡು ಹಿಡಿದು ಕೊಲಂಬೊ ಅಲ್ಲಿಗೆ ತಲುಪುತ್ತಾನೆ.

ಮುಖಪುಟದಲ್ಲಿ ಇದ್ದದ್ದು ‘ದ ನೈಟ್ ಐ ವಾಸ್ ಮರ್ಡರ್ಡ್’ ಎಂಬ ಶೀರ್ಷಿಕೆ, ಕೆಳಗೆ ‘ಬೈ ಅಬಿಗೇಲ್ ಮಿಚೆಲ್’. ಮೊದಲೆರಡು ಪದ ತೆಗೆದರೆ ಉಳಿಯುವುದು ‘ನನ್ನನ್ನು ಕೊಂದವಳು ಅಬಿಗೇಲ್ ಮಿಚೆಲ್’ ಎಂಬ ಮರಣ ಹೇಳಿಕೆ. ಇಂಗ್ಲಿಷಿನ ‘ಬೈ’ ಬರೆದವರಿಗೂ ಸಲ್ಲುತ್ತದೆ, ಕೊಂದವರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಇದು ಆಗದು. ನಮ್ಮಲ್ಲಿ ‘ಅಬಿಗೇಲ್ ಮಿಚೆಲ್ ಅವರ’ ಎಂದು ಬರೆದವರಿಗೆ ಷಷ್ಠಿ, ‘ಅವರಿಂದ’ ಎಂದು ಕೊಂದವರಿಗೆ ತೃತೀಯೆ. ‘ನಾನು ಕೊಲೆಯಾದ ರಾತ್ರಿ’ ಎಂಬ ಶೀರ್ಷಿಕೆಯಲ್ಲಿ ‘ರಾತ್ರಿ’ ಕೊನೆಗೆ ಬರುವುದರಿಂದ ಅದನ್ನು ಕಿತ್ತರೆ ‘ನಾನು ಕೊಲೆಯಾದ’ ಎಂದು ವಾಕ್ಯ ಅರ್ಧಕ್ಕೆ ನೇತಾಡುತ್ತದೆ. ಹಾಗಾಗಿ ಈ ಕಂತನ್ನು ಡಬ್ ಮಾಡಲು ಹೊರಟವರು ಪದಕ್ಕೆ ಪದ ಹಾಕಿದರೆ ಕೊನೆಯ ಸುಳಿವೇ ಸತ್ತುಹೋಗುತ್ತದೆ. ತೆರೆಯ ಮೇಲಿನ ಇಂಗ್ಲಿಷ್ ಪುಟವನ್ನು ಹಾಗೇ ಬಿಟ್ಟು, ಕೊಲಂಬೊ ಅದನ್ನು ಓದುವ ಮಾತಿನಲ್ಲೇ ಅರ್ಥ ಬಿಡಿಸಬೇಕು.

ಇನ್ನು ಹೆಸರು ದೊಡ್ಡದಾಗಿ ಸಾಕ್ಷ್ಯ ಚಿಕ್ಕದಾದ ಕಂತುಗಳು. ‘ಮರ್ಡರ್ ಬೈ ದ ಬುಕ್’ (1971) ನಿರ್ದೇಶಿಸಿದಾಗ ಸ್ಟೀವನ್ ಸ್ಪೀಲ್‌ಬರ್ಗ್ ಅವರಿಗೆ 24 ವರ್ಷ. ಟೈಪ್‌ರೈಟರ್ ಸದ್ದೊಂದನ್ನೇ ಹಿನ್ನೆಲೆಗೆ ಇಟ್ಟ ಆರಂಭ ಅದ್ಭುತ, ಕೊನೆಯ ಸಾಕ್ಷ್ಯ ತೆಳು. ‘ದ ಮೋಸ್ಟ್ ಕ್ರೂಶಿಯಲ್ ಗೇಮ್’ (1972) ತಿರುವುಮುರುವು. ಕೊಲೆಗಾರ ಕ್ರೀಡಾಂಗಣದಿಂದ ಫೋನು ಮಾಡಿದೆ ಎನ್ನುತ್ತಾನೆ, ಧ್ವನಿಮುದ್ರಣದಲ್ಲಿ ಆ ಕೋಣೆಯ ಗಡಿಯಾರ ಎರಡೂವರೆಗೆ ಹೊಡೆಯಬೇಕಾದ ಗಂಟೆ ಕೇಳುವುದಿಲ್ಲ. ಇದ್ದ ಸದ್ದಲ್ಲ, ಇಲ್ಲದ ಸದ್ದು ಸಾಕ್ಷಿ! ಆದರೆ ಇಡೀ ಕಂತು ಮುಗಿದರೂ ಅವನು ಕೊಲೆ ಏಕೆ ಮಾಡಿದ ಎಂಬುದು ಸರಿಯಾಗಿ ತಿಳಿಯುವುದೇ ಇಲ್ಲ. ‘ಡಬಲ್ ಎಕ್ಸ್‌ಪೋಷರ್’ (1973) ನಿಂತಿರುವುದು ಸಿನಿಮಾದ ನಡುವೆ ಒಂದೊಂದು ಫ್ರೇಮು ತಂಪು ಪಾನೀಯದ ಚಿತ್ರ ಸೇರಿಸಿದರೆ ನೋಡುಗನಿಗೆ ಬಾಯಾರುತ್ತದೆ ಎಂಬ ನಂಬಿಕೆಯ ಮೇಲೆ. ಸೆಕೆಂಡಿಗೆ 24 ಫ್ರೇಮು, ಅಂದರೆ ಒಂದು ಚಿತ್ರ ಸೆಕೆಂಡಿನ 24ನೆಯ ಒಂದು ಭಾಗ ಮಾತ್ರ. ಈ ನಂಬಿಕೆ ಹಬ್ಬಿಸಿದ ಜೇಮ್ಸ್ ವಿಕರಿ ತನ್ನ 1957ರ ಪ್ರಯೋಗದ ಹೇಳಿಕೆ ಟೊಳ್ಳೆಂದು ಮುಂದೆ ತಾನೇ ಒಪ್ಪಿಕೊಂಡಿದ್ದ. ಅದನ್ನು ಕಥೆಯ ಮಟ್ಟಿಗೆ ಒಪ್ಪಿಕೊಂಡು ನೋಡಬೇಕು. ಬಲಿಯಾದವನಿಗೆ ಮೊದಲು ಉಪ್ಪುಪ್ಪಾದ ಕೇವಿಯರ್ (ಮೀನಿನ ಮೊಟ್ಟೆ) ತಿನ್ನಿಸಿದ್ದರು ಎಂಬುದೇ ನಿಜವಾದ ಕೆಲಸ ಮಾಡಿದ್ದು ಎನ್ನಬಹುದು.

ಮೊದಲ ಆಕ್ಷೇಪಕ್ಕೆ ಉತ್ತರ ಬೇಕಿದ್ದವರು ಒಂದು ಕಂತನ್ನು ಪರೀಕ್ಷೆಗೆಂದೇ ನೋಡಬಹುದು: 1976ರ ‘ಲಾಸ್ಟ್ ಸೆಲ್ಯೂಟ್ ಟು ದ ಕಮಡೋರ್’. ಅದರಲ್ಲಿ ಕೊಲೆಗಾರನನ್ನು ಕೊನೆಯವರೆಗೆ ಮುಚ್ಚಿಟ್ಟು, ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಬಯಲು ಮಾಡುತ್ತಾರೆ. ಅದೇ ನಟ, ಅದೇ ಕೋಟು, ಆದರೆ ಕಂತು ಎಲ್ಲಿಯೂ ಕಚ್ಚಿಕೊಳ್ಳುವುದಿಲ್ಲ. ಕೊಲೆಗಾರ ಯಾರೆಂದು ತಿಳಿಯದಿದ್ದರೆ ಕೊಲಂಬೊ ಯಾರ ಜೊತೆ ಬೆಕ್ಕು–ಇಲಿ ಆಟ ಆಡಬೇಕು? ಬಾಗಿಲವರೆಗೂ ಹೋಗಿ ತಿರುಗಿ ‘ಇನ್ನೊಂದೇ ಒಂದು ವಿಷಯ’ ಎನ್ನುವ ಆತನ ಮಾತು ಕಚ್ಚುವುದು, ಎದುರಿಗಿರುವವನೇ ಕೊಲೆಗಾರ ಎಂದು ನಮಗೆ ಗೊತ್ತಿರುವುದರಿಂದ. ಆ ಮಾತು ಹುಟ್ಟಿದ್ದು ಲೆವಿನ್ಸನ್–ಲಿಂಕ್ ಕೊಲಂಬೊನನ್ನು ಇಟ್ಟುಕೊಂಡು ರಂಗನಾಟಕ ಬರೆಯುವಾಗಿನ ಒಂದು ಅನುಕೂಲಕ್ಕೆ: ದೃಶ್ಯ ಚಿಕ್ಕದಾಯಿತು, ಕೊಲಂಬೊ ಆಗಲೇ ಹೊರಗೆ ಹೋಗಿಬಿಟ್ಟಿದ್ದ, ಪುಟವನ್ನು ಮತ್ತೆ ಟೈಪ್ ಮಾಡುವ ಬದಲು ಅವನನ್ನೇ ವಾಪಸು ಕರೆಸಿದರು ಎಂದು ಲಿಂಕ್ ಹೇಳಿಕೊಂಡಿದ್ದಾರೆ.

ಹೊಸದಾಗಿ ನೋಡುವವರಿಗೆ ಕ್ರಮ ಹೇಳುವುದಾದರೆ, 1968ರ ಮೊದಲ ಚಿತ್ರದಿಂದ ಶುರುಮಾಡಬೇಡಿ. ಅದರಲ್ಲಿ ಪಾತ್ರ ಇನ್ನೂ ಪಾಕ ಬಂದಿಲ್ಲ, ಕೂದಲು ಬಾಚಿದ ಬಿಗುವಿನ ಅಧಿಕಾರಿ ಆತ. ಮೊದಲು ‘ಸೂಟಬಲ್ ಫಾರ್ ಫ್ರೇಮಿಂಗ್’, ಆಮೇಲೆ ‘ಡೆತ್ ಲೆಂಡ್ಸ್ ಎ ಹ್ಯಾಂಡ್’, ಆಮೇಲೆ ವೈನಿನ ಕಂತು, ‘ಎ ಫ್ರೆಂಡ್ ಇನ್ ಡೀಡ್’, ‘ನೆಗೆಟಿವ್ ರಿಯಾಕ್ಷನ್’. ಕಂತುಗಳು ಎರಡು ಅಳತೆಯವು. ಜಾಹೀರಾತು ಕಳೆದರೆ ಒಂದು ಬಗೆಯವು ಸುಮಾರು 75 ನಿಮಿಷ, ಇನ್ನೊಂದು ಬಗೆಯವು ಸುಮಾರು 95. ಮೊದಮೊದಲು 75ರವನ್ನೇ ಆರಿಸಿಕೊಳ್ಳುವುದು ಲೇಸು, ಉದ್ದದವುಗಳಲ್ಲಿ ಹೊತ್ತು ತುಂಬಿಸಲು ಎಳೆದ ತಮಾಷೆ ದೃಶ್ಯಗಳು ಅಡ್ಡ ಬರುತ್ತವೆ. ಮೇಲಿನವುಗಳಲ್ಲಿ ‘ಎ ಫ್ರೆಂಡ್ ಇನ್ ಡೀಡ್’ ಒಂದಕ್ಕೆ ಮಾತ್ರ ಆ ಉದ್ದ ಪೂರ್ತಿ ದಕ್ಕಿದೆ. ಆರಂಭದ ಕಾಲು ಗಂಟೆಯಲ್ಲಿ ಫೋನು ಹಿಡಿದು ಕೂರಬಾರದು, ಕೊಲೆಯ ಸಿದ್ಧತೆಯ ದೃಶ್ಯಗಳಲ್ಲೇ ಸಾಕ್ಷ್ಯ ಹಾದುಹೋಗುತ್ತದೆ, ಅದೂ ಬಹುಮಟ್ಟಿಗೆ ಮಾತಿಲ್ಲದೆ.

ಕೊಲೆಗಾರ ಯಾರೆಂದು ಮೊದಲೇ ಗೊತ್ತಿರುವುದರಿಂದ ಎರಡನೆಯ ಸಲ ನೋಡಿದರೂ ಕಳೆದುಕೊಳ್ಳುವುದು ಕಡಿಮೆ. ‘ಸೂಟಬಲ್ ಫಾರ್ ಫ್ರೇಮಿಂಗ್’ ಮತ್ತೆ ನೋಡುವಾಗ ಕೊನೆಯ ದೃಶ್ಯದಲ್ಲಿ ಯಾರು ಏನು ಮಾತಾಡುತ್ತಿದ್ದಾರೆ ಎಂಬುದನ್ನು ಬಿಟ್ಟು, ಕೊಲಂಬೊನ ಕೈಗಳು ಎಲ್ಲಿವೆ ಎಂಬುದನ್ನೇ ನೋಡುತ್ತಿರಿ.

ಇತಿ,
ಒಬ್ಬ ಓದುಗ, ಧಾರವಾಡ